ಕೈಟೋಸಾನ್ ಹೊದಿಸಿದ ಲಿಪೊಸೋಮ್ ಬಫರ್ ಬದಲಾದ ಕೂಡಲೇ ಗುಂಪುಗಟ್ಟುವುದೇಕೆ?

ಪ್ರಶ್ನೆ: ನಾನು ಔಷಧ ವಿಜ್ಞಾನದ ವಿದ್ಯಾರ್ಥಿನಿ. ಸೋಯಾ ಫಾಸ್ಫಟಿಡಿಲ್‌ಕೋಲಿನ್, ಕೊಲೆಸ್ಟ್ರಾಲ್ ಮತ್ತು ಸ್ವಲ್ಪ ಫಾಸ್ಫಟಿಡಿಲ್‌ಗ್ಲಿಸರಾಲ್ ಎಂಬ ಲಿಪಿಡ್ (ಕೊಬ್ಬಿನಂಥ ಅಣು) ಸೇರಿಸಿ ಲಿಪೊಸೋಮ್, ಅಂದರೆ ಔಷಧ ತುಂಬುವ ಸಣ್ಣ ಪೊರೆಯ ಚೀಲ, ಮಾಡಿದ್ದೇನೆ. ಗಾತ್ರ 120 ನ್ಯಾನೋಮೀಟರ್, ಜೀಟಾ ಪೊಟೆನ್ಶಿಯಲ್ (ಕಣದ ಮೇಲ್ಮೈ ಚಾರ್ಜಿನ ಅಳತೆ) ಮೈನಸ್ 32 ಮಿಲಿವೋಲ್ಟ್. ಆಮ್ಲೀಯತೆಯನ್ನು ಪಿಎಚ್ 4.5ರಲ್ಲೇ ಹಿಡಿದಿಡುವ ಅಸಿಟೇಟ್ ಬಫರ್‌ನಲ್ಲಿ ಇದಕ್ಕೆ ಕೈಟೋಸಾನ್ ಎಂಬ ಪಾಲಿಸ್ಯಾಕರೈಡ್‌ನ (ಸಕ್ಕರೆ ಘಟಕಗಳ ಉದ್ದ ಸರಪಳಿ) ದ್ರಾವಣವನ್ನು ಹನಿಹನಿಯಾಗಿ ಸೇರಿಸಿದೆ. ಜೀಟಾ ಪ್ಲಸ್ 28 ಆಯಿತು, ಗಾತ್ರ 340ಕ್ಕೆ ಏರಿತು. ಆಮೇಲೆ ಪಿಎಚ್ 7.4ರ ಫಾಸ್ಫೇಟ್ ಬಫರ್‌ಗೆ ಹಾಕಿದ ತಕ್ಷಣ ಎಲ್ಲ ಬೆಳ್ಳಗೆ ಕದಡಿ ತಳಕ್ಕೆ ಕೂತಿತು. ಹೊದಿಕೆ ನಿಜವಾಗಿ ಆಗಿದೆಯಾ? ಇದರಿಂದ ಔಷಧ ಸೋರುವುದು ನಿಲ್ಲುತ್ತದೆಯಾ? ಬೇರೆ ಪಾಲಿಸ್ಯಾಕರೈಡ್ ನೋಡಬೇಕಾ?

ಉತ್ತರ: ಹೊದಿಕೆ ಆಗಿದೆ. ಆದರೆ ನೀವು ಅಂದುಕೊಂಡ ರೀತಿಯಲ್ಲಿ ಆಗಿಲ್ಲ. ನಿಮ್ಮ 340 ಎಂಬ ಅಂಕಿಯೇ ಅದನ್ನು ಹೇಳುತ್ತಿದೆ. ಬಫರ್ ಬದಲಿಸಿದಾಗ ಕದಡಿದ್ದಕ್ಕೆ ಕಾರಣ ಬೇರೆ, ಮತ್ತು ಅದು ಕೈಟೋಸಾನ್‌ನ ಹುಟ್ಟುಗುಣ. ಈ ಎರಡು ತೊಂದರೆಗಳನ್ನು ಬೇರೆ ಬೇರೆಯಾಗಿ ನೋಡೋಣ. ಬೆರೆಸಿ ನೋಡಿದರೆ ಒಂದಕ್ಕೆ ಮಾಡಬೇಕಾದ ಚಿಕಿತ್ಸೆಯನ್ನು ಇನ್ನೊಂದಕ್ಕೆ ಮಾಡುತ್ತೀರಿ.

ಮೊದಲು ಗಾತ್ರದ ಲೆಕ್ಕ. 120 ಇದ್ದದ್ದು 340 ಆಗಬೇಕಾದರೆ ಕಣದ ಸುತ್ತ 110 ನ್ಯಾನೋಮೀಟರ್ ದಪ್ಪದ ಪದರ ಬೇಕು. ವಿರುದ್ಧ ಚಾರ್ಜ್ ಇರುವ ಮೇಲ್ಮೈ ಮೇಲೆ ಕೈಟೋಸಾನ್ ಅಷ್ಟು ದಪ್ಪಗೆ ಕೂರುವುದಿಲ್ಲ. ಸರಪಳಿಯ ಬಹುಪಾಲು ಮೇಲ್ಮೈಗೆ ಅಂಟಿ ಚಪ್ಪಟೆಯಾಗಿ ಮಲಗುತ್ತದೆ. ಅಲ್ಲಲ್ಲಿ ಕುಣಿಕೆಗಳು ಮೇಲೇಳುತ್ತವೆ, ತುದಿಗಳು ನೀರಿನೊಳಗೆ ಚಾಚಿಕೊಳ್ಳುತ್ತವೆ. ಒಂದೇ ಪದರವಾದರೆ ಕೆಲವು ನ್ಯಾನೋಮೀಟರ್, ಉದ್ದ ಸರಪಳಿಯಾದರೆ ಕೆಲವು ಹತ್ತು ನ್ಯಾನೋಮೀಟರ್. ಹಾಗಾಗಿ ನಿಮ್ಮ 340 ದಪ್ಪ ಹೊದಿಕೆ ಅಲ್ಲ. ಹಲವು ಲಿಪೊಸೋಮ್‌ಗಳು ಒಂದಕ್ಕೊಂದು ಅಂಟಿದ ಗೊಂಚಲುಗಳು ಅದರಲ್ಲಿವೆ. ಇನ್ನೊಂದು ವಿಷಯ ನೆನಪಿರಲಿ. ಬೆಳಕು ಚದುರಿಸಿ ಗಾತ್ರ ಅಳೆಯುವ ಯಂತ್ರ ದೊಡ್ಡ ಕಣಗಳ ಕಡೆಗೆ ತುಂಬಾ ವಾಲುತ್ತದೆ. ಚದುರಿದ ಬೆಳಕು ಚಿಕ್ಕ ಕಣಗಳಲ್ಲಿ ವ್ಯಾಸದ ಆರನೇ ಘಾತಕ್ಕೆ ತಕ್ಕಂತೆ ಏರುತ್ತದೆ. 340ರ ಒಂದು ಗೊಂಚಲು 120ರ ನೂರಾರು ಕಣಗಳಷ್ಟು ಬೆಳಕು ಚದುರಿಸಬಲ್ಲದು. ಅಂದರೆ ನಿಮ್ಮ ಮಾದರಿಯಲ್ಲಿ ಒಳ್ಳೆಯ ಒಂಟಿ ಕಣಗಳೂ ಬೇಕಾದಷ್ಟು ಇರಬಹುದು, ಸರಾಸರಿ ಅವನ್ನು ಮುಚ್ಚಿ ಹಾಕಿರಬಹುದು. ಸರಾಸರಿ ಒಂದನ್ನೇ ನೋಡಬೇಡಿ. ಹರವು ಎಷ್ಟಿದೆ ಎಂದು ನೋಡಿ. ಸಾಧ್ಯವಾದರೆ ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಕಣ್ಣಾರೆ ನೋಡಿ.

ಗೊಂಚಲು ಯಾಕೆ ಆಯಿತು? ನೀವು ಹನಿಹನಿಯಾಗಿ ಹಾಕಿದ್ದರಿಂದ. ಎಚ್ಚರಿಕೆಯ ಕೆಲಸ ಅಂತ ಎಲ್ಲರೂ ಹಾಗೇ ಶುರುಮಾಡುತ್ತಾರೆ. ಇಲ್ಲಿ ಮಾತ್ರ ಆ ಎಚ್ಚರಿಕೆಯೇ ತೊಡಕು. ಒಳಗೆ ನಡೆಯುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇಡೀ ವಿಷಯದ ಬೇರು ಅಲ್ಲಿದೆ.

ಕೈಟೋಸಾನ್‌ನ ಒಂದೊಂದು ಸಕ್ಕರೆ ಘಟಕದ ಮೇಲೂ, ಅಸಿಟೈಲ್ ಗುಂಪು ಉಳಿದಿರುವ ಕೆಲವನ್ನು ಬಿಟ್ಟು, ಒಂದು ಅಮೈನೊ ಗುಂಪು ಇದೆ. ಆಮ್ಲದಲ್ಲಿ ಅದು ಧನ ಚಾರ್ಜ್ ಪಡೆಯುತ್ತದೆ. ನಿಮ್ಮ ಲಿಪೊಸೋಮ್ ಮೇಲೆ ಫಾಸ್ಫಟಿಡಿಲ್‌ಗ್ಲಿಸರಾಲ್‌ನ ಋಣ ಚಾರ್ಜ್ ಇದೆ. ಒಂದು ಗುಂಪು ಒಂದು ಲಿಪಿಡ್‌ಗೆ ಅಂಟುವ ಬಲ ತೀರಾ ಕಡಿಮೆ. ಆದರೆ ಸರಪಳಿಯಲ್ಲಿ ಅಂಥ ನೂರಾರು ಗುಂಪುಗಳಿವೆ. ಜರಿಹುಳ ಗೋಡೆ ಹಿಡಿದ ಹಾಗೆ: ಒಂದು ಕಾಲು ಬಿಟ್ಟರೂ ಉಳಿದವು ಹಿಡಿದಿರುತ್ತವೆ, ಎಲ್ಲ ಕಾಲುಗಳೂ ಒಟ್ಟಿಗೆ ಬಿಡುವುದು ಅಪರೂಪ. ಹಾಗಾಗಿ ಸುಮ್ನೆ ನೀರು ಹಾಕಿ ತೆಳುಮಾಡಿದರೆ ಹೊದಿಕೆ ಕಳಚುವುದಿಲ್ಲ.

ಪ್ಲಸ್ಸು ಮೈನಸ್ಸು ಎಳೆದುಕೊಳ್ಳುತ್ತವೆ ಎಂದಷ್ಟೇ ಹೇಳಿದರೆ ಅರ್ಧ ಕಥೆ. ಬೆರೆಯುವ ಮುಂಚೆ ಸರಪಳಿಯ ಸುತ್ತಲೂ ಲಿಪೊಸೋಮ್ ಸುತ್ತಲೂ ಎದುರು ಚಾರ್ಜಿನ ಸಣ್ಣ ಅಯಾನುಗಳು ಗುಂಪಾಗಿ ನಿಂತಿರುತ್ತವೆ. ಸರಪಳಿ ಪೊರೆಯ ಮೇಲೆ ಕೂತಾಗ ಅವಕ್ಕೆ ಅಲ್ಲಿ ಕೆಲಸವಿಲ್ಲ. ಬಿಡುಗಡೆಯಾಗಿ ದ್ರಾವಣದಲ್ಲಿ ಹರಡುತ್ತವೆ. ಆಗ ಹೆಚ್ಚುವ ಎಂಟ್ರೊಪಿ (ಅಸ್ತವ್ಯಸ್ತತೆಯ ಅಳತೆ) ಈ ಅಂಟಿಕೆಯ ದೊಡ್ಡ ಚಾಲಕ ಶಕ್ತಿ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ದ್ರಾವಣದಲ್ಲಿ ಮೊದಲೇ ಉಪ್ಪು ಜಾಸ್ತಿ ಇದ್ದರೆ ಆ ಲಾಭ ಕುಗ್ಗುತ್ತದೆ. ಜೊತೆಗೆ ಚಾರ್ಜ್‌ಗಳು ಒಂದನ್ನೊಂದು ಕಾಣುವ ದೂರವೂ ಕುಗ್ಗುತ್ತದೆ. 1 ಮಿಲಿಮೋಲಾರ್ ಉಪ್ಪಿನಲ್ಲಿ ಆ ದೂರ ಸುಮಾರು 10 ನ್ಯಾನೋಮೀಟರ್. ರಕ್ತದಲ್ಲಿರುವಂಥ 150 ಮಿಲಿಮೋಲಾರ್‌ನಲ್ಲಿ 0.8 ಮಾತ್ರ. ತೆಳು ಬಫರ್‌ನಲ್ಲಿ ಗಟ್ಟಿಯಾಗಿ ಕೂತಂತೆ ಕಂಡ ಹೊದಿಕೆ ಅಲ್ಲಿ ಸಡಿಲವಾಗಬಹುದು.

ಈಗ ಹನಿಹನಿ ವಿಷಯ. ಮೊದಲ ಹನಿಗಳು ಬಿದ್ದಾಗ ಲಿಪೊಸೋಮ್ ಜಾಸ್ತಿ, ಕೈಟೋಸಾನ್ ಕಡಿಮೆ. ಸರಪಳಿಗಳು ಕಣದ ಮೇಲೆ ಅಲ್ಲೊಂದು ಇಲ್ಲೊಂದು ತೇಪೆಯಂತೆ ಕೂರುತ್ತವೆ. ತೇಪೆ ಇರುವ ಕಡೆ ಧನ, ಬರಿದಾದ ಕಡೆ ಋಣ. ಒಂದು ಕಣದ ತೇಪೆ ಇನ್ನೊಂದರ ಬರಿದಾದ ಜಾಗಕ್ಕೆ ಎದುರಾದರೆ ಎರಡೂ ಅಂಟಿಕೊಳ್ಳುತ್ತವೆ. ಉದ್ದ ಸರಪಳಿಯಾದರೆ ಒಂದು ತುದಿ ಒಂದು ಕಣಕ್ಕೆ, ಇನ್ನೊಂದು ತುದಿ ಮತ್ತೊಂದಕ್ಕೆ ಹಿಡಿದು ಸೇತುವೆ ಕಟ್ಟುತ್ತದೆ. ಹನಿ ಹಾಕುತ್ತಾ ಹೋದಂತೆ ಒಟ್ಟು ಚಾರ್ಜ್ ಸೊನ್ನೆಯ ಹತ್ತಿರ ಬರುತ್ತದೆ. ಆಗ ಕಣಗಳನ್ನು ದೂರ ತಳ್ಳುವ ಬಲವೇ ಇರುವುದಿಲ್ಲ, ಗುಂಪುಗಟ್ಟುವುದು ತಾರಕಕ್ಕೇರುತ್ತದೆ. ಇನ್ನೂ ಹಾಕಿದರೆ ಚಾರ್ಜ್ ತಿರುಗಿ ಧನವಾಗುತ್ತದೆ, ಕಣಗಳು ಮತ್ತೆ ದೂರ ಸರಿಯಲು ನೋಡುತ್ತವೆ. ಆದರೆ ಆಗಲೇ ಕಟ್ಟಿದ ಗೊಂಚಲುಗಳು ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ನಿಮ್ಮ ಪ್ಲಸ್ 28 ಅಂಥ ಗೊಂಚಲುಗಳ ಹೊರಮೈಯ ಅಳತೆ.

ಹಾಗಾಗಿ ಕ್ರಮವನ್ನು ತಿರುಗಿಸಿ. ಕೈಟೋಸಾನ್ ದ್ರಾವಣವನ್ನು ಬೇಕಾದ್ದಕ್ಕಿಂತ ಹೆಚ್ಚು ತೆಗೆದುಕೊಂಡು ಜೋರಾಗಿ ಕಲಕುತ್ತಿರಿ. ಅದಕ್ಕೆ ತೆಳುಮಾಡಿದ ಲಿಪೊಸೋಮ್ ಸೇರಿಸಿ. ಆಗ ಪ್ರತಿ ಕಣವೂ ಬಿದ್ದ ಕೂಡಲೇ ಸುತ್ತ ಬೇಕಾದಷ್ಟು ಸರಪಳಿ ಸಿಕ್ಕಿ, ಸೊನ್ನೆಯ ಅಪಾಯದ ಹಂತವನ್ನು ಕ್ಷಣದಲ್ಲಿ ದಾಟುತ್ತದೆ. ಕಡಿಮೆ ಅಣುತೂಕದ ಕೈಟೋಸಾನ್ ಬಳಸಿದರೆ ಸೇತುವೆ ಕಟ್ಟುವುದೂ ಕಡಿಮೆಯಾಗುತ್ತದೆ. ಅಣುತೂಕ ಮತ್ತು ಅಸಿಟೈಲ್ ತೆಗೆದ ಪ್ರಮಾಣ ಎರಡನ್ನೂ ನೋಟ್‌ಬುಕ್‌ನಲ್ಲಿ ಬರೆದಿಡಿ. ಬಾಟಲಿ ಮೇಲೆ ಬರೀ ಕೈಟೋಸಾನ್ ಅಂತ ಇದ್ದರೆ ಸಾಲದು, ಈ ಎರಡು ಬದಲಾದರೆ ಅದು ಬೇರೆಯೇ ವಸ್ತು. ಹೊದಿಸಿದ ಮೇಲೆ ಉಳಿದ ಬಿಡಿ ಸರಪಳಿಯನ್ನು ತೆಗೆಯುವುದನ್ನು ಮರೆಯಬೇಡಿ. ಅದು ಉಳಿದರೆ ಮುಂದಿನ ಪ್ರತಿ ಅಳತೆಯಲ್ಲೂ ಮೂಗು ತೂರಿಸುತ್ತದೆ.

ಇನ್ನು ಎರಡನೆಯ ತೊಂದರೆ, ಪಿಎಚ್ 7.4ರಲ್ಲಿ ಕದಡಿದ್ದು. ಕೈಟೋಸಾನ್‌ನ ಅಮೈನೊ ಗುಂಪಿನ ಪಿಕೆಎ, ಅಂದರೆ ಅರ್ಧದಷ್ಟು ಗುಂಪುಗಳಿಗೆ ಚಾರ್ಜ್ ಇರುವ ಪಿಎಚ್, ಸುಮಾರು 6.5. ಸರಳ ಲೆಕ್ಕ ಹಾಕಿದರೆ ಪಿಎಚ್ 4.5ರಲ್ಲಿ ನೂರಕ್ಕೆ 99 ಗುಂಪುಗಳಿಗೆ ಚಾರ್ಜ್ ಇರುತ್ತದೆ. 7.4ರಲ್ಲಿ 11ಕ್ಕೆ ಮಾತ್ರ. ಚಾರ್ಜ್ ಹೋದರೆ ಅದು ನೀರಿನಲ್ಲಿ ಕರಗುವುದೂ ಇಲ್ಲ. ಸರಪಳಿಗಳು ಮುದುಡಿ ತಮ್ಮತಮ್ಮಲ್ಲೇ ಹೈಡ್ರೋಜನ್ ಬಂಧ ಕಟ್ಟಿಕೊಳ್ಳುತ್ತವೆ. ಮುದುಡುವಾಗ ಜೊತೆಗಿರುವ ಲಿಪೊಸೋಮ್‌ಗಳನ್ನೂ ಎಳೆದುಕೊಳ್ಳುತ್ತವೆ. ಮೇಲಿಂದ ಫಾಸ್ಫೇಟ್ ಅಯಾನು ಉಳಿದ ಧನ ಚಾರ್ಜ್‌ಗಳನ್ನು ಒಂದಕ್ಕೊಂದು ಹೊಲಿಯುವ ಕೆಲಸ ಮಾಡುತ್ತದೆ. ಇದು ನಿಜವೇ ಎಂದು ನೋಡಲು ಒಂದು ಸುಲಭ ಪರೀಕ್ಷೆ ಇದೆ. ಲಿಪೊಸೋಮ್ ಇಲ್ಲದ ಬರೀ ಕೈಟೋಸಾನ್ ದ್ರಾವಣವನ್ನು ಅಷ್ಟೇ ಸಾಂದ್ರತೆಯಲ್ಲಿ ಅದೇ ಫಾಸ್ಫೇಟ್ ಬಫರ್‌ಗೆ ಹಾಕಿ. ಅದೂ ಕದಡಿದರೆ ಲಿಪೊಸೋಮ್‌ನ ತಪ್ಪಿಲ್ಲ ಎಂದು ಗೊತ್ತಾಯಿತು. ಈ ಪರೀಕ್ಷೆ ಮಾಡದೆ ಲಿಪಿಡ್ ಪ್ರಮಾಣ ಬದಲಿಸುತ್ತಾ ತಿಂಗಳು ಕಳೆಯುವವರನ್ನು ನೋಡಿದರೆ ಬೇಸರವಾಗುತ್ತದೆ.

ಹೊದಿಕೆಯನ್ನು ಎಲ್ಲಿ ಮಾಡುತ್ತೀರಿ ಎನ್ನುವುದಕ್ಕಿಂತ ಅದು ಎಲ್ಲಿ ಕೆಲಸ ಮಾಡಬೇಕು ಎನ್ನುವುದು ಮುಖ್ಯ, ಅಲ್ವಾ? ಪಿಎಚ್ 4.5ರ ತೆಳು ಬಫರ್‌ನಲ್ಲಿ ತೆಗೆದ ಜೀಟಾ ಅಂಕಿ ಆ ಬಫರ್‌ಗೆ ಮಾತ್ರ ಸಾಕ್ಷಿ. ಕರುಳಿನಲ್ಲೋ ರಕ್ತದಲ್ಲೋ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ.

ಈಗ ಸೋರಿಕೆಯ ಪ್ರಶ್ನೆ. ಇಲ್ಲಿ ನಿಮ್ಮ ನಿರೀಕ್ಷೆಯನ್ನು ಸ್ವಲ್ಪ ತಿದ್ದಬೇಕು. ಪಾಲಿಸ್ಯಾಕರೈಡ್ ಹೊದಿಕೆ ನೀರು ತುಂಬಿದ ಸಡಿಲ ಜಾಲ. ಅದರ ಕಣ್ಣುಗಳು ಸಾಮಾನ್ಯ ಔಷಧದ ಅಣುವಿಗಿಂತ ತುಂಬಾ ದೊಡ್ಡವು. ಒಂದು ನ್ಯಾನೋಮೀಟರ್ ಗಾತ್ರದ ಅಣು ಅದರೊಳಗೆ ಸರಾಗವಾಗಿ ಹಾದುಹೋಗುತ್ತದೆ. ಸಣ್ಣ ಅಣುವಿಗೆ ನಿಜವಾದ ತಡೆ ಒಳಗಿರುವ 4–5 ನ್ಯಾನೋಮೀಟರ್ ದಪ್ಪದ ಲಿಪಿಡ್ ಪೊರೆಯೇ. ಹೊದಿಕೆ ಸಹಾಯ ಮಾಡಿದರೂ ಅದು ಪರೋಕ್ಷ. ಪೊರೆಯನ್ನು ಸ್ವಲ್ಪ ಬಿಗಿ ಮಾಡಬಹುದು. ಪಿತ್ತದ ಲವಣ, ಪ್ರೋಟೀನ್, ಕಿಣ್ವಗಳು ಪೊರೆಯನ್ನು ತಲುಪುವುದನ್ನು ತಡ ಮಾಡಬಹುದು. ಕಣಗಳು ಒಂದಕ್ಕೊಂದು ಸೇರಿ ಒಂದಾಗುವುದನ್ನು ತಪ್ಪಿಸಬಹುದು.

ಅದೇ ಹೊದಿಕೆ ಸೋರಿಕೆಯನ್ನು ಹೆಚ್ಚಿಸಲೂಬಹುದು. ಸೋಯಾ ಲಿಪಿಡ್‌ನ ಪೊರೆ ಕೋಣೆಯ ಉಷ್ಣತೆಯಲ್ಲಿ ದ್ರವದ ಹಾಗಿರುತ್ತದೆ, ಲಿಪಿಡ್‌ಗಳು ಅಡ್ಡಡ್ಡ ಓಡಾಡುತ್ತಿರುತ್ತವೆ. ಮೇಲೆ ಕೈಟೋಸಾನ್ ಕೂತರೆ ಋಣ ಚಾರ್ಜಿನ ಲಿಪಿಡ್‌ಗಳು ಅದರ ಕೆಳಗೆ ಬಂದು ಗುಂಪಾಗುತ್ತವೆ. ಹೊರ ಪದರದಲ್ಲಿ ಹೀಗೆ ದ್ವೀಪಗಳಾದಾಗ ಅವುಗಳ ಅಂಚಿನಲ್ಲಿ ಜೋಡಣೆ ಹದಗೆಡುತ್ತದೆ. ಸೋರುವುದು ಆ ಅಂಚುಗಳಲ್ಲಿ. ಕೊಲೆಸ್ಟ್ರಾಲ್ ಸಾಕಷ್ಟಿದ್ದರೆ, ಅಂದರೆ ಮೋಲ್ ಲೆಕ್ಕದಲ್ಲಿ ನೂರಕ್ಕೆ 30–40ರಷ್ಟು, ಪೊರೆ ಬಿಗಿಯಾಗಿದ್ದು ಈ ಕಾಟ ಕಡಿಮೆ. ನೋಡಬೇಕಾದರೆ ಕ್ಯಾಲ್ಸೀನ್ ಎಂಬ ಹೊಳೆಯುವ ಬಣ್ಣದ ಪರೀಕ್ಷೆ ಮಾಡಿ. ಒಳಗೆ ಗಟ್ಟಿ ಸಾಂದ್ರತೆಯಲ್ಲಿರುವಾಗ ಕ್ಯಾಲ್ಸೀನ್ ತನ್ನ ಹೊಳಪನ್ನು ತಾನೇ ನುಂಗಿಕೊಂಡಿರುತ್ತದೆ. ಹೊರಗೆ ಸೋರಿ ತೆಳುವಾದರೆ ಹೊಳೆಯುತ್ತದೆ. ಆದರೆ ಕ್ಯಾಲ್ಸೀನ್‌ಗೆ ಋಣ ಚಾರ್ಜ್ ಇದೆ, ಅದರ ಹೊಳಪು ಆಮ್ಲದಲ್ಲಿ ಕುಂದುತ್ತದೆ, ಬಿಡಿ ಕೈಟೋಸಾನ್‌ಗೂ ಅದು ಅಂಟಬಹುದು. ಹೋಲಿಕೆಗೆ ಹೊದಿಕೆ ಇಲ್ಲದ ಲಿಪೊಸೋಮ್ ಮತ್ತು ಬರೀ ಕ್ಯಾಲ್ಸೀನ್ ಜೊತೆ ಕೈಟೋಸಾನ್, ಈ ಎರಡೂ ಮಾದರಿ ಪಕ್ಕದಲ್ಲಿರಲಿ.

ಯಾವ ಭಾಗ ಯಾವ ಕೆಲಸ ಮಾಡುತ್ತದೆ ಎನ್ನುವುದಕ್ಕೆ ಡಾಕ್ಸಿಲ್ ಒಳ್ಳೆಯ ಉದಾಹರಣೆ. ಅಮೆರಿಕದಲ್ಲಿ 1995ರಲ್ಲಿ ಒಪ್ಪಿಗೆ ಪಡೆದ ಈ ಲಿಪೊಸೋಮ್ ಔಷಧದ ಮೇಲಿರುವುದು ಪಾಲಿಸ್ಯಾಕರೈಡ್ ಅಲ್ಲ, ಪಾಲಿಎಥಿಲೀನ್ ಗ್ಲೈಕಾಲ್. ಆ ಹೊದಿಕೆಯ ಕೆಲಸ ರಕ್ತದಲ್ಲಿ ಕಣ ಹೆಚ್ಚು ಹೊತ್ತು ಉಳಿಯುವಂತೆ ಮಾಡುವುದು. ಔಷಧ ಸೋರದಂತೆ ತಡೆಯುವುದು ಬೇರೆ ಎರಡು: ಗಟ್ಟಿ ಲಿಪಿಡ್ ಜೊತೆ ಕೊಲೆಸ್ಟ್ರಾಲ್ ಇರುವ ಪೊರೆ, ಮತ್ತು ಒಳಗೆ ಅಮೋನಿಯಂ ಸಲ್ಫೇಟ್‌ನ ನೆರವಿನಿಂದ ಹರಳುಗಟ್ಟಿದ ಕ್ಯಾನ್ಸರ್ ಔಷಧ ಡಾಕ್ಸೊರುಬಿಸಿನ್. ನಿಮ್ಮ ಔಷಧ ಸೋರುತ್ತಿದ್ದರೆ ಮೊದಲು ಪೊರೆ ಸರಿಮಾಡಿ. ಸೋಯಾ ಬದಲು ಹೈಡ್ರೋಜನ್ ಸೇರಿಸಿ ಗಟ್ಟಿಯಾಗಿಸಿದ ಲಿಪಿಡ್ ಹಾಕಿ ನೋಡಿ. ಹೊದಿಕೆ ಆಮೇಲೆ.

ಇದೇ ಜಾಗದಲ್ಲಿ ಇನ್ನೊಂದು ಎಚ್ಚರಿಕೆ. ಫಾಸ್ಫೊಲಿಪಿಡ್‌ನ ಎಸ್ಟರ್ ಬಂಧ ನೀರಿನಲ್ಲಿ ಒಡೆಯುವುದು ಪಿಎಚ್ 6.5ರ ಆಸುಪಾಸಿನಲ್ಲಿ ಅತಿ ನಿಧಾನ. ಆಮ್ಲದ ಕಡೆ ಹೋದಂತೆ ಬೇಗ ಒಡೆಯುತ್ತದೆ. ಒಡೆದಾಗ ಸಿಗುವ ಒಂಟಿ ಬಾಲದ ಲಿಪಿಡ್‌ಗಳು ಪೊರೆಯನ್ನು ಸಡಿಲ ಮಾಡುತ್ತವೆ. ಕೈಟೋಸಾನ್ ಕರಗಿರಲಿ ಎಂದು ಮಾದರಿಯನ್ನು ಪಿಎಚ್ 4.5ರಲ್ಲೇ ವಾರಗಟ್ಟಲೆ ಇಟ್ಟರೆ ಆ ಸೋರಿಕೆಗೆ ಹೊದಿಕೆಯನ್ನು ದೂರಬಾರದು. ಔಷಧವನ್ನು ಒಳಗೂ ಹೊರಗೂ ಪಿಎಚ್ ವ್ಯತ್ಯಾಸ ಇಟ್ಟು ತುಂಬಿದ್ದರಂತೂ ಇನ್ನೂ ಹುಷಾರಾಗಿರಿ. ಹೊರಗಿನ ಪಿಎಚ್ ಇಳಿಸಿದ ಕ್ಷಣ ಆ ವ್ಯತ್ಯಾಸವೇ ಅಳಿಸಿಹೋಗುತ್ತದೆ.

ಬೇರೆ ಪಾಲಿಸ್ಯಾಕರೈಡ್ ನೋಡಬೇಕೇ? ಔಷಧ ಯಾವ ದಾರಿಯಲ್ಲಿ ಹೋಗುತ್ತದೆ ಎಂದು ನೀವು ಬರೆದಿಲ್ಲ. ಎರಡೂ ದಾರಿ ಹೇಳುತ್ತೇನೆ.

ಬಾಯಿಯ ಮೂಲಕ ಕೊಡುವುದಾದರೆ ಕೈಟೋಸಾನ್ ಬಿಡಬೇಕಿಲ್ಲ. ಲೋಳೆಯ ಮ್ಯೂಸಿನ್ ಎಂಬ ಪ್ರೋಟೀನ್ ಮೇಲೆ ಸಿಯಾಲಿಕ್ ಆಮ್ಲದ ಋಣ ಚಾರ್ಜ್ ಇರುತ್ತದೆ, ಕೈಟೋಸಾನ್ ಅದಕ್ಕೆ ಅಂಟಿಕೊಳ್ಳುತ್ತದೆ. ಇದರಿಂದ ಕಣ ಆ ಜಾಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಆದರೆ ಲೋಳೆಯ ಹೊರ ಪದರ ಕಳಚಿ ಹೊಸದು ಬರುತ್ತಲೇ ಇರುತ್ತದೆ. ಮೇಲ್ಪದರಕ್ಕೆ ಅಂಟಿದ ಕಣ ಅದರ ಜೊತೆಗೇ ಕೊಚ್ಚಿಹೋಗಬಹುದು. ಅಂಟುವುದೇ ಬೇರೆ, ಒಳಗೆ ಹೋಗುವುದೇ ಬೇರೆ. ಜಠರದ ಆಮ್ಲ ದಾಟಿ ಸಣ್ಣ ಕರುಳಿಗೆ ಬಂದರೆ ಪಿಎಚ್ ಏರಿ ಕೈಟೋಸಾನ್ ಚಾರ್ಜ್ ಕಳೆದುಕೊಳ್ಳುತ್ತದೆ. ಅಲ್ಲೂ ಚಾರ್ಜ್ ಉಳಿಯಬೇಕು ಅಂದರೆ ಟ್ರೈಮೀಥೈಲ್ ಕೈಟೋಸಾನ್ ನೋಡಿ. ಅದರ ಸಾರಜನಕದ ಚಾರ್ಜ್ ಶಾಶ್ವತ, ಪಿಎಚ್ ಏರಿದರೂ ಹೋಗುವುದಿಲ್ಲ. ಕೈಟೋಸಾನ್ ಮೇಲೆ ಆಲ್ಜಿನೇಟ್‌ನ ಇನ್ನೊಂದು ಪದರ ಹಾಕುವವರೂ ಇದ್ದಾರೆ. ಅದನ್ನು ಕ್ಯಾಲ್ಸಿಯಂನಿಂದ ಗಟ್ಟಿಮಾಡಿದರೆ ಫಾಸ್ಫೇಟ್ ಬಫರ್‌ನಲ್ಲಿ ಪರೀಕ್ಷಿಸಬೇಡಿ. ಫಾಸ್ಫೇಟ್ ಕ್ಯಾಲ್ಸಿಯಂ ಕಸಿದುಕೊಂಡು ಪದರವನ್ನೇ ಬಿಚ್ಚಿಹಾಕುತ್ತದೆ.

ರಕ್ತಕ್ಕೆ ಕೊಡುವುದಾದರೆ ನನ್ನ ಮಾತು ನೇರ: ಬರೀ ಚಾರ್ಜ್ ಮೇಲೆ ನಿಂತ ಕೈಟೋಸಾನ್ ಹೊದಿಕೆ ಬೇಡ. ಧನ ಚಾರ್ಜಿನ ಕಣಕ್ಕೆ ಪ್ರೋಟೀನ್‌ಗಳು ಮುತ್ತಿಕೊಳ್ಳುತ್ತವೆ, ಯಕೃತ್ತು ಮತ್ತು ಗುಲ್ಮದ ಜೀವಕೋಶಗಳು ಅದನ್ನು ಬೇಗ ನುಂಗುತ್ತವೆ. ಕೆಂಪು ರಕ್ತಕಣಗಳಿಗೂ ಹಾನಿಯಾಗಬಹುದು. ಇಲ್ಲಿ ಹೈಅಲುರೋನಿಕ್ ಆಮ್ಲ ಎಂಬ ಪಾಲಿಸ್ಯಾಕರೈಡ್ ಹೆಚ್ಚು ಸೂಕ್ತ. ಅದರ ಕಾರ್ಬಾಕ್ಸಿಲ್ ಗುಂಪಿನ ಪಿಕೆಎ ಸುಮಾರು 3, ಹಾಗಾಗಿ 7.4ರಲ್ಲಿ ಪೂರ್ತಿ ಋಣ ಚಾರ್ಜ್ ಇರುತ್ತದೆ, ಚೆನ್ನಾಗಿ ಕರಗಿರುತ್ತದೆ. ಹಲವು ಕ್ಯಾನ್ಸರ್ ಕೋಶಗಳ ಮೇಲೆ ಹೆಚ್ಚಾಗಿರುವ ಸಿಡಿ44 ಗ್ರಾಹಕಕ್ಕೆ ಅದು ತಾನಾಗಿ ಅಂಟುತ್ತದೆ. ಸರಪಳಿ ಉದ್ದವಾದಷ್ಟೂ ಹಿಡಿತ ಬಲ. ತೊಡಕೂ ಇದೆ: ಯಕೃತ್ತಿನ ರಕ್ತನಾಳಗಳ ಒಳಪದರದ ಕೋಶಗಳಲ್ಲೂ ಹೈಅಲುರೋನಿಕ್ ಆಮ್ಲ ಹಿಡಿಯುವ ಗ್ರಾಹಕಗಳಿವೆ, ಒಂದು ಪಾಲು ಅಲ್ಲಿಗೆ ಹೋಗುತ್ತದೆ.

ನಿಮ್ಮ ಋಣ ಚಾರ್ಜಿನ ಲಿಪೊಸೋಮ್ ಮೇಲೆ ಹೈಅಲುರೋನಿಕ್ ಆಮ್ಲ ತಾನಾಗಿ ಚೆನ್ನಾಗಿ ಕೂರುವುದಿಲ್ಲ. ಅದನ್ನು ರಾಸಾಯನಿಕ ಬಂಧದಿಂದ ಕಟ್ಟಬೇಕು. ಪೊರೆಯಲ್ಲಿ ಫಾಸ್ಫಟಿಡಿಲ್‌ಎಥನಾಲಮೈನ್ ಸೇರಿಸಿ, ಅದರ ಅಮೈನೊ ಗುಂಪಿಗೆ ಕಾರ್ಬೊಡೈಇಮೈಡ್ ಎಂಬ ಜೋಡಿಸುವ ರಾಸಾಯನಿಕದ ನೆರವಿನಿಂದ ಹೈಅಲುರೋನಿಕ್ ಆಮ್ಲ ಜೋಡಿಸುವುದು ಚೆನ್ನಾಗಿ ಪಳಗಿದ ದಾರಿ. ಟೆಲ್ ಅವೀವ್ ವಿಶ್ವವಿದ್ಯಾಲಯದ ರಿಮೋನಾ ಮಾರ್ಗಲಿತ್ ಮತ್ತು ಡ್ಯಾನ್ ಪೀರ್ ಈ ಬಗೆಯ ಲಿಪೊಸೋಮ್‌ಗಳ ಮೇಲೆ ದುಡಿದವರು. ಈ ಹೊದಿಕೆ ಉಪ್ಪಿಗೂ ಪಿಎಚ್‌ಗೂ ಜಗ್ಗುವುದಿಲ್ಲ. ಲಿಪೊಸೋಮ್ ಹೆಪ್ಪುಗಟ್ಟಿಸಿ ಒಣಗಿಸುವಾಗಲೂ ಪೊರೆಯನ್ನು ಕಾಪಾಡುತ್ತದೆ.

ಮೂರನೆಯ ದಾರಿಯೂ ಒಂದಿದೆ, ನನಗೆ ತುಂಬಾ ಇಷ್ಟವಾದದ್ದು. ಚಾರ್ಜ್ ಇಲ್ಲದ ಪುಲ್ಯುಲಾನ್‌ನಂಥ ಪಾಲಿಸ್ಯಾಕರೈಡ್‌ಗೆ ಅಲ್ಲಲ್ಲಿ ಕೊಲೆಸ್ಟ್ರಾಲ್ ಅಥವಾ ಪಾಮಿಟಿಕ್ ಆಮ್ಲದ ಬಾಲ ಕಟ್ಟುವುದು. ಬಾಲಗಳು ಪೊರೆಯೊಳಗೆ ತೂರಿ ಲಂಗರು ಹಾಕುತ್ತವೆ, ಸಕ್ಕರೆ ಸರಪಳಿ ಹೊರಗೆ ಉಳಿಯುತ್ತದೆ. ಜಪಾನಿನಲ್ಲಿ 1980ರ ದಶಕದಲ್ಲಿ ಜುಂಜೊ ಸುನಾಮೊಟೊ ಅವರ ತಂಡ ಇದರ ಮೇಲೆ ದೊಡ್ಡ ಕೆಲಸ ಮಾಡಿದೆ. ಪಿಎಚ್ ಏನೇ ಇರಲಿ ಈ ಲಂಗರು ನಿಲ್ಲುತ್ತದೆ. ಎಷ್ಟು ಸಕ್ಕರೆ ಘಟಕಕ್ಕೆ ಒಂದು ಬಾಲ ಎನ್ನುವ ಲೆಕ್ಕ ಮಾತ್ರ ಹದವಾಗಿರಬೇಕು. ಬಾಲ ಕಡಿಮೆಯಾದರೆ ಸರಪಳಿ ಕಳಚುತ್ತದೆ. ಜಾಸ್ತಿಯಾದರೆ ಬಾಲಗಳು ತಮ್ಮಲ್ಲೇ ಸೇರಿ ಬೇರೆ ಕಣಗಳಾಗುತ್ತವೆ, ಪೊರೆಯನ್ನೂ ಕೆದಕುತ್ತವೆ.

ಮುಂದಿನ ವಾರ ಪ್ರಯೋಗಕ್ಕೆ ಕೂರುವಾಗ ಹೀಗೆ ಮಾಡಿ. ಬರೀ ಕೈಟೋಸಾನ್‌ನ ಪರೀಕ್ಷೆ ಮೊದಲು. ಆಮೇಲೆ ಕ್ರಮ ತಿರುಗಿಸಿ ಹೊದಿಸಿ. ಕೈಟೋಸಾನ್ ಪ್ರಮಾಣವನ್ನು ತೀರಾ ಕಡಿಮೆಯಿಂದ ತುಂಬಾ ಹೆಚ್ಚಿನವರೆಗೆ ಎಂಟು ಹತ್ತು ಹಂತ ಇಟ್ಟುಕೊಂಡು, ಪ್ರತಿ ಹಂತಕ್ಕೂ ಬೇರೆ ಮಾದರಿ ಮಾಡಿ ಗಾತ್ರ ಮತ್ತು ಜೀಟಾ ಎರಡನ್ನೂ ಒಂದೇ ನಕ್ಷೆಯಲ್ಲಿ ಬಿಡಿಸಿ. ಗಾತ್ರದ ಶಿಖರ ಜೀಟಾ ಸೊನ್ನೆಯಾಗುವ ಜಾಗಕ್ಕೆ ಸರಿಯಾಗಿ ಬಂದರೆ ನಾನು ಹೇಳಿದ ಗುಂಪುಗಟ್ಟುವಿಕೆ ನಿಮ್ಮಲ್ಲೂ ನಡೆಯುತ್ತಿದೆ. ಶಿಖರ ದಾಟಿ ಗಾತ್ರ 130–150ಕ್ಕೆ ಇಳಿದು ನಿಂತ ಹಂತವನ್ನು ಆರಿಸಿಕೊಳ್ಳಿ. ಬಿಡಿ ಸರಪಳಿ ತೆಗೆದ ಮೇಲೆ ಆ ಮಾದರಿಗೆ ಉಪ್ಪನ್ನು 10, 50, 150 ಮಿಲಿಮೋಲಾರ್ ಹೀಗೆ ಏರಿಸುತ್ತಾ ಹೋಗಿ. ಉಪ್ಪು ಏರಿದರೆ ಜೀಟಾ ಅಂಕಿ ಹೇಗೂ ಕುಗ್ಗುತ್ತದೆ, ಅದೊಂದನ್ನೇ ನಂಬಬೇಡಿ. ಹೊಳೆಯುವ ಬಣ್ಣ ಕಟ್ಟಿದ ಕೈಟೋಸಾನ್ ಸ್ವಲ್ಪ ಬಳಸಿ, ಪ್ರತಿ ಹಂತದಲ್ಲೂ ಕಣಗಳನ್ನು ದ್ರಾವಣದಿಂದ ಬೇರ್ಪಡಿಸಿ, ಬಣ್ಣ ಎಷ್ಟು ಕಣದ ಜೊತೆ ಉಳಿಯಿತು ಎಷ್ಟು ದ್ರಾವಣಕ್ಕೆ ಹೋಯಿತು ಎಂದು ಅಳೆಯಿರಿ. ಆ ಅಂಕಿಗಳ ಜೊತೆ ಔಷಧ ಹೋಗುವ ದಾರಿ ಯಾವುದು, ಅಣುವಿನ ಗಾತ್ರ ಎಷ್ಟು, ಅದು ನೀರಿನಲ್ಲಿ ಕರಗುವುದೋ ಎಣ್ಣೆಯಲ್ಲೋ ಎಂದು ಬರೆಯಿರಿ. ಲಿಪಿಡ್ ಬದಲಿಸಬೇಕೋ ಪಾಲಿಸ್ಯಾಕರೈಡ್ ಬದಲಿಸಬೇಕೋ ಎಂದು ಆಗ ಖಚಿತವಾಗಿ ಹೇಳಬಹುದು.